ಬೀಟಲ್‌ಗೆ ಸ್ಟೀಲ್ ಬ್ಯೂಟಿ ರಿಂಗ್: ಮೂರು ವರ್ಷದ ಬಳಕೆ ಮತ್ತು ಆ ಕಿಚ್ ಕಿಚ್ ಸದ್ದು

ನನ್ನ ಹತ್ತಿರ 1968ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಅದರ ನಾಲ್ಕೂ ಚಕ್ರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬ್ಯೂಟಿ ರಿಂಗ್, ಅಂದರೆ ಚಕ್ರದ ಅಂಚಿನ ಸುತ್ತ ಅಂದಕ್ಕೆ ಕೂರಿಸುವ ಹೊಳೆಯುವ ಬಳೆ, ಹಾಕಿ ಮೂರು ವರ್ಷ ಆಯಿತು. ರಿಂಗಿನ ಅಳತೆ, ಅಗಲ ಎಲ್ಲ ಮಾರುವವರೇ ಬರೆದಿರುತ್ತಾರೆ, ಅದನ್ನು ಬಿಡೋಣ. ಅವರು ಎಲ್ಲೂ ಬರೆಯದ ಒಂದು ವಿಷಯ ಇದೆ. ಅದು ಸದ್ದು.

ಮೊದಲ ಏಳು ತಿಂಗಳು ಏನೂ ತೊಂದರೆ ಇರಲಿಲ್ಲ. ಕಾರು ನಿಂತಾಗ ನಾನು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುತ್ತಿದ್ದೆ. ಬಣ್ಣ ಬಳಿದ ಸಾದಾ ಚಕ್ರ, ಮಧ್ಯೆ ಚಪ್ಪಟೆ ವೀಲ್ ಕ್ಯಾಪ್, ಸುತ್ತ ಈ ಬೆಳ್ಳಿ ಬಳೆ. ಹಳೆಯ ಕಾರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಳೆ ತರುವ ವಸ್ತು ಇನ್ನೊಂದಿಲ್ಲ ಅಂತ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಆಮೇಲೆ ಒಂದು ದಿನ ಮುಂದಿನ ಎಡ ಚಕ್ರದಿಂದ ಕಿಚ್... ಕಿಚ್... ಕಿಚ್... ಶುರುವಾಯಿತು. ನಿಧಾನಕ್ಕೆ ಹೋದರೆ ನಿಧಾನ, ಜೋರಾಗಿ ಹೋದರೆ ಜೋರು. ಬೀಟಲ್‌ನ ಇಂಜಿನ್ ಹಿಂದೆ ಇರುತ್ತದೆ ಅಲ್ವಾ, ಹಾಗಾಗಿ ಮುಂದಿನ ಚಕ್ರದ ಸದ್ದು ನೇರ ಕಿವಿಗೆ ಬರುತ್ತದೆ. ಕಿಟಕಿ ಇಳಿಸಿ ಗೋಡೆ ಪಕ್ಕ ಹೋದರಂತೂ ತಡೆಯುವುದಕ್ಕೇ ಆಗುತ್ತಿರಲಿಲ್ಲ. 165 ಮಿಲಿಮೀಟರ್ ಅಗಲದ, 15 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಂದರೆ ಸೆಕೆಂಡಿಗೆ ಮೂರು ಸುತ್ತಿಗೆ ಸ್ವಲ್ಪ ಕಡಿಮೆ. ನಾನು ಎಣಿಸಿದ ಸದ್ದೂ ಅಷ್ಟೇ ಇತ್ತು. ಸುತ್ತಿಗೆ ಒಂದು ಸದ್ದು. ಅಲ್ಲಿಗೆ ಚಕ್ರದ ಜೊತೆ ತಿರುಗುವ ಯಾವುದೋ ಒಂದು ಭಾಗ ಅಂತ ಗೊತ್ತಾಯಿತು.

ಚಕ್ರದಿಂದ ಸದ್ದು ಬಂದರೆ ಮೊದಲು ರಿಂಗನ್ನು ಅನುಮಾನಿಸಬೇಡಿ. ಮೊದಲು ಬೋಲ್ಟ್ ನೋಡಿ. ಸಡಿಲ ಬೋಲ್ಟ್ ಕೂಡ ಹೀಗೆಯೇ ಟಿಕ್ ಟಿಕ್ ಅನ್ನುತ್ತದೆ, ಅದು ಜೀವಕ್ಕೆ ಅಪಾಯ. ನನ್ನ ಚಕ್ರದ ನಾಲ್ಕೂ ಬೋಲ್ಟ್ ಬಿಗಿಯಾಗಿದ್ದವು. ಎರಡನೆಯ ಅನುಮಾನ ಸ್ಪೀಡೋಮೀಟರ್ ಕೇಬಲ್ ಮೇಲೆ. ಬೀಟಲ್‌ನಲ್ಲಿ ಆ ಕೇಬಲ್ ಮುಂದಿನ ಎಡ ಚಕ್ರದ ಮಧ್ಯದಲ್ಲಿರುವ ಗ್ರೀಸ್ ಮುಚ್ಚಳದಿಂದಲೇ (ಗ್ರೀಸ್ ಕ್ಯಾಪ್) ತಿರುಗುತ್ತದೆ. ಕೇಬಲ್ ಒಣಗಿದರೆ ಕಿರುಗುಟ್ಟುತ್ತದೆ, ಮುಳ್ಳು ನಡುಗುತ್ತದೆ. ನನ್ನ ಮುಳ್ಳು ಅಲುಗಾಡದೆ ನಿಂತಿತ್ತು. ಬ್ರೇಕ್ ಒತ್ತಿದರೂ ಸದ್ದು ಬದಲಾಗಲಿಲ್ಲ, ಹಾಗಾಗಿ ಬ್ರೇಕ್ ಡ್ರಮ್ ಅಲ್ಲ. ಬೇರಿಂಗ್ ಹೋದರೆ ಸಾಮಾನ್ಯವಾಗಿ ಗುರ್ ಅನ್ನುವ ಒಂದೇ ಸಮನೆ ಸದ್ದು ಬರುತ್ತದೆ, ಹೀಗೆ ಬಿಟ್ಟು ಬಿಟ್ಟು ಕೀರುವುದು ಕಡಿಮೆ. ಮಳೆ ಬಂದ ದಿನ ಉತ್ತರ ಸಿಕ್ಕಿತು. ಚಕ್ರ ಒದ್ದೆಯಾದ ಕೂಡಲೇ ಸದ್ದು ಮಾಯ. ಒಣಗಿದ ಮೇಲೆ ಮತ್ತೆ ಹಾಜರು. ಲೋಹ ಲೋಹಕ್ಕೆ ಉಜ್ಜುತ್ತಿದೆ, ಅದೂ ಹೊರಗಡೆಯೇ. ನಾಲ್ಕೂ ರಿಂಗ್ ಬಿಚ್ಚಿಟ್ಟು ಓಡಿಸಿದೆ. ಪೂರಾ ಮೌನ.

ಆ ಮೌನ ಕೇಳಿ ನನಗೆ ಸಿಟ್ಟೇ ಬಂತು. ಕಾರಿಗೆ ಪ್ರೀತಿಯಿಂದ ತಂದ ಆಭರಣವೇ ಕಾಟ ಕೊಟ್ಟರೆ ಹೇಗೆ?

ಮೊದಲು ರಿಂಗನ್ನು ರಿಮ್‌ಗೆ ಹಿಡಿದಿಡುವ ಕ್ಲಿಪ್ಪುಗಳಿಗೆ ಗ್ರೀಸ್ ಹಚ್ಚಿದೆ. ಎರಡು ವಾರ ಆರಾಮ. ಆಮೇಲೆ ಧೂಳು, ಮರಳು ಎಲ್ಲ ಆ ಗ್ರೀಸಿಗೆ ಅಂಟಿ ಮರಳುಕಾಗದದ ಹಾಗೆ ರಿಮ್‌ನ ಬಣ್ಣ ತಿನ್ನತೊಡಗಿತು. ಇನ್ನೂ ಕೆಟ್ಟದ್ದು ಬೇರೆ ಇತ್ತು. ರಿಂಗ್ ಜಾರುತ್ತಿರಬಹುದು ಅಂತ ರಿಂಗ್ ಮೇಲಿಂದ ಟೈರ್ ತನಕ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದಿದ್ದೆ. ಮೂರು ದಿನದಲ್ಲಿ ಗೆರೆ ಮುರಿದು ರಿಂಗಿನ ತುಂಡು ಅರ್ಧ ಇಂಚು ಮುಂದೆ ಹೋಗಿತ್ತು. ಗಾಳಿ ತುಂಬುವ ವಾಲ್ವ್ ರಿಂಗಿನ ಕಿಂಡಿಯ ಅಂಚಿಗೆ ಒರಗಿ ಬಾಗಿತ್ತು. ರಬ್ಬರ್ ಕಾಂಡದ ಮೇಲೆ ಸಣ್ಣ ಗೀರು ಬಿದ್ದಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಅದು ಕತ್ತರಿಸಿ ಓಡುವಾಗಲೇ ಗಾಳಿ ಹೋಗುತ್ತಿತ್ತು. ಆ ವಾಲ್ವ್ ಬದಲಿಸಿದೆ. ದಯವಿಟ್ಟು ಗ್ರೀಸ್ ಹಚ್ಚಬೇಡಿ. ಎರಡು ಬದಿ ಅಂಟುವ ಫೋಮ್ ಟೇಪ್ ಕೂಡ ಪ್ರಯತ್ನಿಸಿದೆ. ನೀರು ಕುಡಿದು ಒಂದು ತಿಂಗಳಲ್ಲಿ ಕಿತ್ತು ಬಂತು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಎಡಗಡೆ ರಿಂಗನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ತಪ್ಪು ರಿಂಗಿನದ್ದಾಗಿದ್ದರೆ ಸದ್ದು ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಎಡದಲ್ಲೇ ಉಳಿಯಿತು. ಚಕ್ರದ ಅಂಚಿಗೆ ಬೆರಳಾಡಿಸುತ್ತ ಹೋದೆ. ಒಂದು ಕಡೆ ಬ್ಯಾಲೆನ್ಸಿಂಗ್ ತೂಕ ಸಿಕ್ಕಿತು. ಅದೇ, ಚಕ್ರ ಅದುರದೆ ತಿರುಗಲಿ ಅಂತ ರಿಮ್ ಅಂಚಿಗೆ ಕಚ್ಚಿಸಿ ಕೂರಿಸುವ ಸಣ್ಣ ತುಂಡು. ಅದರ ಮೇಲ್ಭಾಗ ಉಜ್ಜಿ ಉಜ್ಜಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಆಗ ನೆನಪಾಯಿತು, ಸದ್ದು ಶುರುವಾಗುವ ಮುಂಚಿನ ವಾರವಷ್ಟೇ ಹೊಸ ಟೈರ್ ಹಾಕಿಸಿ ಬ್ಯಾಲೆನ್ಸ್ ಮಾಡಿಸಿದ್ದೆ. ಆ ತುಂಡಿನ ಮೇಲೆ ರಿಂಗ್ ಕೂತು, ಒಂದು ಕಡೆ ಎತ್ತಿಕೊಂಡು, ಪ್ರತಿ ಸುತ್ತಿಗೂ ಅಲ್ಲಾಡುತ್ತಿತ್ತು. ಇಷ್ಟು ದಿನ ರಿಂಗನ್ನು ಬೈದಿದ್ದು ಅನ್ಯಾಯ ಅನಿಸಿತು.

ಹಾಗಂತ ಬರೀ ತೂಕದ್ದೇ ತಪ್ಪಲ್ಲ. ಉಳಿದ ಮೂರು ಚಕ್ರಗಳಲ್ಲೂ ತಿರುವಿನಲ್ಲಿ ಸಣ್ಣಗೆ ಕಿರ್ ಅನ್ನುತ್ತಿತ್ತು. ನೋಡಲು ಕಲ್ಲಿನ ಹಾಗೆ ಗಟ್ಟಿ ಇದ್ದರೂ ಸ್ಟೀಲ್ ಚಕ್ರ ಓಡುವಾಗ ಕೂದಲೆಳೆಯಷ್ಟು ಬಾಗುತ್ತದೆ. ಕಾರಿನ ಭಾರ ಯಾವಾಗಲೂ ನೆಲದ ಕಡೆ. ರಿಮ್‌ನ ಒಂದೊಂದು ಭಾಗವೂ ಸರದಿಯಲ್ಲಿ ಆ ಭಾರದ ಕೆಳಗೆ ಬಂದು ಹೋಗುತ್ತದೆ. ತಿರುವಿನಲ್ಲಿ ಪಕ್ಕದ ಒತ್ತಡವೂ ಸೇರುತ್ತದೆ. ರಿಂಗ್ ಮಾತ್ರ ಬಾಗದೆ ತನ್ನ ಪಾಡಿಗೆ ಇರುತ್ತದೆ. ನಡುವೆ ಸಿಕ್ಕ ಕ್ಲಿಪ್ಪಿನ ತುದಿ ಬಣ್ಣದ ಮೇಲೆ ಕೀರುತ್ತದೆ. ಬರೀ ಲೋಹದ ತುದಿಗೆ ಒಂದು ಪದರ ರಬ್ಬರ್ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ರಬ್ಬರನ್ನು ಕೊನೆಗೆ ನಾನೇ ಕೊಟ್ಟೆ. ಎರಡು ವರ್ಷದಿಂದ ನಿಂತಿರುವ ಉಪಾಯ ಅದೇ. ಮೊದಲು ಹೊರಗಿನ ತೂಕ ತೆಗೆಸಿ, ಡ್ರಮ್‌ಗೆ ತಾಗದ ಹಾಗೆ ರಿಮ್ ಒಳಬದಿಗೆ ಅಂಟಿಸುವ ತೂಕ ಹಾಕಿಸಿ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ. ರಿಮ್ ಅಂಚನ್ನು ಸೋಪು ನೀರಲ್ಲಿ ತೊಳೆದು, ತುಕ್ಕು ಉಜ್ಜಿ, ಬಣ್ಣ ಹಚ್ಚಿ ಚೆನ್ನಾಗಿ ಒಣಗಲು ಬಿಟ್ಟೆ. ಸಡಿಲವಾಗಿದ್ದ ಕ್ಲಿಪ್ಪುಗಳನ್ನು ಇಕ್ಕಳದಲ್ಲಿ ಒಂದೆರಡು ಮಿಲಿಮೀಟರ್ ಹೊರಕ್ಕೆ ಬಗ್ಗಿಸಿದೆ. ಜಾಸ್ತಿ ಬಗ್ಗಿಸಿದರೆ ಕ್ಲಿಪ್ ಮುರಿಯುತ್ತದೆ, ಇಲ್ಲವೇ ರಿಂಗ್ ಕೂರುವುದೇ ಇಲ್ಲ. ಆಮೇಲೆ ಪ್ರತಿ ಕ್ಲಿಪ್ಪಿನ ತುದಿಗೂ ತೆಳ್ಳಗೆ ಸಿಲಿಕೋನ್ ಸೀಲಂಟ್ ಸವರಿದೆ. ವಿನಿಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರಿಂದ ಬರುವ ಆಮ್ಲ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ತನ್ನಿ.

ಮುಖ್ಯ ಗುಟ್ಟು ಇಲ್ಲಿದೆ. ಸಿಲಿಕೋನ್ ಹಸಿ ಇರುವಾಗ ರಿಂಗ್ ಹಾಕಬಾರದು. ಒಂದು ಇಡೀ ದಿನ ಒಣಗಲಿ. ಹಸಿಯಲ್ಲಿ ಹಾಕಿದರೆ ಅದು ಅಂಟು, ಮುಂದೆ ಬಿಚ್ಚುವಾಗ ರಿಂಗ್ ಸೊಟ್ಟ ಆಗುತ್ತದೆ. ಒಣಗಿಸಿ ಹಾಕಿದರೆ ಅದು ಕ್ಲಿಪ್ಪಿನ ಚಪ್ಪಲಿ. ಲೋಹ ಲೋಹಕ್ಕೆ ತಾಗುವುದಿಲ್ಲ, ರಬ್ಬರ್ ಹಿಡಿತ ಇರುವುದರಿಂದ ಜಾರುವುದೂ ಇಲ್ಲ. ಚಕ್ರದ ಸೀಳಿನಲ್ಲಿ ನೈಲಾನ್ ಟೈ ತೂರಿಸಿ ರಿಂಗನ್ನು ಕಟ್ಟುವವರೂ ಇದ್ದಾರೆ. 1966ರ ಮಾಡೆಲ್‌ನಿಂದ ಬೀಟಲ್ ಚಕ್ರಕ್ಕೆ ಸೀಳುಗಳು ಬಂದಿದ್ದರಿಂದ ಅದು ನನ್ನ ಕಾರಿನಲ್ಲೂ ಸಾಧ್ಯ. ಆದರೆ ಬೆಳ್ಳಿ ಬಳೆಯ ಮೇಲೆ ಕಪ್ಪು ದಾರ ಕಾಣುವುದು ನನಗೆ ಇಷ್ಟವಿಲ್ಲ.

ಹಾಕುವಾಗ ಮೊದಲು ವಾಲ್ವ್ ಕಿಂಡಿ ಸರಿಯಾಗಿ ಕೂರಿಸಿ, ಎದುರು ಬದಿಯನ್ನು ಅಂಗೈಯಲ್ಲಿ ಒತ್ತಿ, ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಬಿಚ್ಚುವಾಗ ಬಟ್ಟೆ ಸುತ್ತಿದ ಅಗಲದ ಪಟ್ಟಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಎಬ್ಬಿಸಿ. ಒಂದೇ ಕಡೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ಈಗ ಭಾನುವಾರ ಬೆಳಿಗ್ಗೆ ನನ್ನ ಪೂಜೆ ಇದೇ. ಕಾರಿನ ಜೊತೆ ಬರುವ ತಂತಿ ಕೊಕ್ಕೆಯನ್ನು ವೀಲ್ ಕ್ಯಾಪ್ ಅಂಚಿನ ತೂತಿಗೆ ಸಿಕ್ಕಿಸಿ ಎಳೆದರೆ ಟಕ್ ಅಂತ ಕ್ಯಾಪ್ ಕೈಗೆ ಬರುತ್ತದೆ. ಬೋಲ್ಟ್ ಮುಟ್ಟಿ ನೋಡುತ್ತೇನೆ. ಸೀಮೆಸುಣ್ಣದ ಗೆರೆ ನೇರ ಇದೆಯಾ ಅಂತ ಬಗ್ಗಿ ನೋಡುತ್ತೇನೆ. ಇದೆ ಅಂದರೆ ಅದನ್ನು ಒರೆಸಿ ಹೊಸದು ಎಳೆಯುತ್ತೇನೆ. ಒದ್ದೆ ಬಟ್ಟೆಯಲ್ಲಿ ರಿಂಗ್ ಸುತ್ತ ಒಂದು ಸುತ್ತು, ಒಣ ಬಟ್ಟೆಯಲ್ಲಿ ಇನ್ನೊಂದು. ಕೊನೆಯಲ್ಲಿ ನನ್ನ ಮುಖ ಉದ್ದಕ್ಕೆ, ಡೊಂಕಾಗಿ ಅದರಲ್ಲಿ ಕಾಣುತ್ತದೆ. ಸದ್ದು ಬರದೇ ಇದ್ದಿದ್ದರೆ ನಾನು ಚಕ್ರಗಳ ಹತ್ತಿರ ಇಷ್ಟು ಹೊತ್ತು ಕೂರುತ್ತಲೇ ಇರಲಿಲ್ಲ.

ಮತ್ತೆ ಕೊಳ್ಳುತ್ತೀರಾ ಅಂತ ಕೇಳಿದರೆ, ಕೊಳ್ಳುತ್ತೇನೆ. ನಾನು ವಾರಕ್ಕೆ ಎರಡು ಸಲ ಓಡಿಸುವವನು, ಕೈ ಕೊಳೆ ಮಾಡಿಕೊಳ್ಳುವುದು ನನಗೆ ಖುಷಿ. ದಿನಾ ದೂರ ಓಡಿಸುವವರು, ಬಿಚ್ಚಿ ಕೂರಿಸಲು ಸಮಯ ಇಲ್ಲದವರು ಸಾದಾ ಚಕ್ರವನ್ನೇ ಚೆನ್ನಾಗಿ ಬಣ್ಣ ಮಾಡಿಸಲಿ. ತಯಾರಕರ ಮೇಲೆ ನನ್ನ ದೂರು ಒಂದೇ. ಹೊರಗೆ ಬ್ಯಾಲೆನ್ಸಿಂಗ್ ತೂಕ ಇದ್ದರೆ ಈ ರಿಂಗ್ ಸರಿಯಾಗಿ ಕೂರುವುದಿಲ್ಲ ಅಂತ ಡಬ್ಬಿಯೊಳಗೆ ಒಂದು ಚೀಟಿ ಇಟ್ಟಿದ್ದರೆ ನನಗೆ ಐದು ತಿಂಗಳು ಉಳಿಯುತ್ತಿತ್ತು.

ಕಳೆದ ವಾರ ಹಿಂದಿನ ಬಲ ರಿಂಗ್ ಬಿಚ್ಚಿದಾಗ ಎರಡು ಕ್ಲಿಪ್ಪಿನ ಸಿಲಿಕೋನ್ ಸವೆದು ಲೋಹ ಇಣುಕುತ್ತಿತ್ತು. ಸದ್ದು ಇನ್ನೂ ಬಂದಿರಲಿಲ್ಲ. ಹಳೆಯದನ್ನು ಕೆರೆದು ಹೊಸ ಪದರ ಸವರಿ ಕಿಟಕಿ ಹತ್ತಿರ ಒಣಗಲು ಇಟ್ಟಿದ್ದೇನೆ.