ಕೀಕ್ಯಾಡ್‌ನಲ್ಲಿ ಟ್ರ್ಯಾಕ್ ಅಗಲ ಸೆಟ್ ಮಾಡೋದು ಭಾಳ ಸಲೀಸು

ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಪಂಪ್‌ಗೆ ಫೋನಿಂದ ಆನ್ ಆಫ್ ಮಾಡೋ ಕಂಟ್ರೋಲರ್ ಬೋರ್ಡ್ ಡಿಸೈನ್ ಮಾಡ್ತಿದೀನಿ, ಅದಕ್ಕೆ ಬಳಸ್ತಿರೋ ಸರ್ಕ್ಯೂಟ್ ಬೋರ್ಡ್ ಡಿಸೈನ್ ಸಾಫ್ಟ್‌ವೇರ್ ಕೀಕ್ಯಾಡ್ ಪೂರ್ತಿ ಫ್ರೀ, ಟ್ರ್ಯಾಕ್ (ಬೋರ್ಡ್ ಮೇಲೆ ಕರೆಂಟ್ ಹರಿಯೋ ತಾಮ್ರದ ಗೆರೆ) ಅಗಲದ ವಿಷ್ಯದಲ್ಲಂತೂ ಫುಲ್ ಮಾರ್ಕ್ಸ್ ಕೊಡ್ತೀನಿ. ಬೋರ್ಡ್ ಸೆಟಪ್‌ನಲ್ಲಿ ನೆಟ್ ಕ್ಲಾಸ್ (ಒಂದೇ ನಿಯಮ ಇರೋ ಕನೆಕ್ಷನ್‌ಗಳ ಗುಂಪು) ಅಂತಿದೆ, ಪವರ್ ಲೈನಿಗೊಂದು ಸಿಗ್ನಲ್‌ಗೊಂದು ಮಾಡಿಟ್ರೆ ಟ್ರ್ಯಾಕ್ ಎಳೀವಾಗ ಆ ಅಗಲ ತಾನೇ ತಗೊಳ್ಳತ್ತೆ. ಎಷ್ಟಿಡ್ಬೇಕು ಅಂತ ಡೌಟಾ, ಜೊತೆಗೇ ಕ್ಯಾಲ್ಕುಲೇಟರ್ ಬರತ್ತೆ, 35 ಮೈಕ್ರಾನ್ ದಪ್ಪದ ತಾಮ್ರ, 10 ಡಿಗ್ರಿ ಬಿಸಿ ಏರಿಕೆ, 3 ಆಂಪ್ ಅಂತ ಹಾಕಿದ್ರೆ ಹೊರಗಿನ ಲೇಯರ್‌ಗೆ ಹತ್ತಿರ ಹತ್ತಿರ 1.4 ಮಿ.ಮೀ. ತೋರಿಸತ್ತೆ, 1 ಆಂಪ್‌ಗೆ 0.3 ಸಾಕು. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದೋ ಹುಡುಗ್ರು ಇದನ್ನ ಖಂಡಿತ ಕಲೀಬೇಕು. ಒಂದು ಮಾತ್ರ ನೆನಪಿಡಿ, ಕ್ಲಾಸ್‌ನ ಅಗಲ ಆಮೇಲೆ ಬದಲಾಯಿಸಿದ್ರೆ ಆಗ್ಲೇ ಎಳೆದಿರೋ ಟ್ರ್ಯಾಕ್ ಹಾಗೇ ಇರತ್ತೆ, ಎಡಿಟ್ ಮೆನುಗೆ ಹೋಗಿ ಎಲ್ಲಾನೂ ಒಟ್ಟಿಗೆ ಸರಿ ಮಾಡ್ಕೋಬೇಕು.