ಆರ್ಚರ್ ಎಎಕ್ಸ್23 ರೂಟರ್: ಡಬ್ಬದ ಮೇಲಿನ 1800 ಎಲ್ಲಿ ಹೋಗುತ್ತದೆ?

ಮನೆಗೆ 300 ಎಂಬಿಪಿಎಸ್ ಪ್ಲಾನ್ ಇದೆ. ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿದರೆ 300 ಪೂರ್ತಿ ಬರುತ್ತದೆ. ಅದೇ ಲ್ಯಾಪ್‌ಟಾಪನ್ನು ಮಲಗುವ ಕೋಣೆಗೆ ಒಯ್ದು ವೈಫೈಯಲ್ಲಿ ನೋಡಿದರೆ 80 ದಾಟುವುದಿಲ್ಲ. ಇದಕ್ಕೆ ಪರಿಹಾರವೆಂದು ಬಹಳ ಜನ ಕೊಳ್ಳುವ ವೈಫೈ 6 (ವೈಫೈ 5ರ ನಂತರದ ಪೀಳಿಗೆ) ರೂಟರ್‌ಗಳಲ್ಲಿ ಟಿಪಿ-ಲಿಂಕ್‌ನ ಆರ್ಚರ್ ಎಎಕ್ಸ್23 ಒಂದು. ತೀರ್ಪು ಮೊದಲೇ ಹೇಳಿಬಿಡಬಹುದು: ಇದು ಒಳ್ಳೆಯ ರೂಟರ್. ಆದರೆ ಇದರ ನಿಜವಾದ ಬಲ ಮೇಲೆ ನಿಂತಿರುವ ನಾಲ್ಕು ಆಂಟೆನಾಗಳಲ್ಲ, ಹಿಂದೆ ಇರುವ ಐದು ಗಿಗಾಬಿಟ್ (1000 ಎಂಬಿಪಿಎಸ್) ಕೇಬಲ್ ಪೋರ್ಟ್‌ಗಳು.

ಡಬ್ಬದ ಮೇಲೆ ಎಎಕ್ಸ್1800 ಎಂದಿದೆ. ಈ 1800 ಯಾವ ಸಾಧನಕ್ಕೂ ಸಿಗುವ ವೇಗವಲ್ಲ. ರೂಟರ್ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ರೇಡಿಯೋ ತರಂಗಪಟ್ಟಿಯಲ್ಲಿ, ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನ 574, 5 ಗಿಗಾಹರ್ಟ್ಸ್ ಬ್ಯಾಂಡಿನ 1201, ಎರಡನ್ನೂ ಕೂಡಿಸಿ 1775, ಅದನ್ನು ದುಂಡಗೆ ಮಾಡಿ 1800. ಒಂದು ಫೋನ್ ಒಂದು ಹೊತ್ತಿಗೆ ಒಂದೇ ಬ್ಯಾಂಡಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಕೂಡಿಸಿದ ಲೆಕ್ಕ ಅಲ್ಲಿಗೇ ಬಿತ್ತು. 574 ಬರಬೇಕಾದರೆ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲದ ಚಾನೆಲ್ (ಬ್ಯಾಂಡಿನ ಒಂದು ತುಂಡು) ಬೇಕು. ಆ ಬ್ಯಾಂಡಿನ ಒಟ್ಟು ಅಗಲವೇ 83.5 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದೆ ಕೂರುವ 20 ಮೆಗಾಹರ್ಟ್ಸ್ ಚಾನೆಲ್‌ಗಳು ಮೂರೇ: 1, 6, 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಅಕ್ಕಪಕ್ಕದವರ ಹತ್ತಿಪ್ಪತ್ತು ವೈಫೈ ಹೆಸರು ಕಾಣುವ ಜಾಗದಲ್ಲಿ 40 ಮೆಗಾಹರ್ಟ್ಸ್ ಸಿಗುವುದು ಕನಸು. 20ಕ್ಕೆ ಇಳಿದರೆ 574 ಅರ್ಧವಾಗಿ 287 ಆಗುತ್ತದೆ.

ಇನ್ನು ಆ 1201. ಇದು ಎರಡು ಆಂಟೆನಾ ಇರುವ ವೈಫೈ 6 ಸಾಧನ, 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ, ರೂಟರಿನ ಎದುರಿಗೇ ಇದ್ದಾಗ ತೋರಿಸುವ ಲಿಂಕ್ ವೇಗ, ಅಂದರೆ ಸಾಧನವೂ ರೂಟರೂ ತಮ್ಮೊಳಗೆ ಒಪ್ಪಿಕೊಂಡ ಗರಿಷ್ಠ ವೇಗ. ಒಂದೇ ಆಂಟೆನಾ ಇರುವ ವೈಫೈ 6 ಫೋನಿಗೆ ಅದು 600. ಒಂದೇ ಆಂಟೆನಾದ ವೈಫೈ 5 ಫೋನಿಗೆ 433. ಹಳೆಯ, 2.4 ಮಾತ್ರ ಬಲ್ಲ ಫೋನಿಗೆ 20 ಮೆಗಾಹರ್ಟ್ಸ್‌ನಲ್ಲಿ 72. ರೂಟರ್ ಎಷ್ಟೇ ಹೊಸದಾಗಿರಲಿ, ವೇಗದ ಮಿತಿಯನ್ನು ಇಬ್ಬರಲ್ಲಿ ಹಳಬರೇ ನಿರ್ಧರಿಸುತ್ತಾರೆ.

ಈ ಲಿಂಕ್ ವೇಗವೂ ಕೈಗೆ ಸಿಗುವ ವೇಗವಲ್ಲ. ಹತ್ತಿರದಲ್ಲಿ, ಗದ್ದಲವಿಲ್ಲದ ಚಾನೆಲ್‌ನಲ್ಲಿ ಅದರ ಶೇ. 60ರಿಂದ 70 ಕೈಗೆ ಬರುತ್ತದೆ. ಕೇಬಲ್‌ನಲ್ಲಿ ಹೀಗಿಲ್ಲ: 100ರ ಪೋರ್ಟ್‌ನಲ್ಲಿ 94, ಗಿಗಾಬಿಟ್ ಪೋರ್ಟ್‌ನಲ್ಲಿ 941. ಅಂದರೆ ಶೇ. 94 ಉಳಿಯುತ್ತದೆ. ಹೋಗುವ ಆರು ಪಾಲು ಪ್ಯಾಕೆಟ್‌ಗಳ ತಲೆಬರಹಕ್ಕೂ ನಡುವಿನ ಅಂತರಕ್ಕೂ ಸಲ್ಲುತ್ತದೆ. ವೈಫೈಯಲ್ಲಿ ಹೋಗುವ ಮೂವತ್ತು ನಲವತ್ತು ಪಾಲು ಎಲ್ಲಿಗೆ ಹೋಯಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಊರ ಬೀದಿ ನಲ್ಲಿಯನ್ನು ನೆನೆಸಿಕೊಳ್ಳಿ. ನಲ್ಲಿ ಒಂದು, ಕೊಡ ಹತ್ತು. ಒಬ್ಬರು ತುಂಬಿಸುವಾಗ ಉಳಿದವರು ಕಾಯಲೇಬೇಕು. ವೈಫೈ ಚಾನೆಲ್ ಅಂಥ ನಲ್ಲಿ. ಪ್ರತಿ ಸಾಧನವೂ ಮೊದಲು ಕಿವಿಗೊಟ್ಟು ಕೇಳುತ್ತದೆ: ಯಾರಾದರೂ ಮಾತಾಡುತ್ತಿದ್ದಾರೆಯೇ? ಇಲ್ಲವೆಂದಾದರೆ ಇನ್ನೂ ಒಂದಿಷ್ಟು ಮೈಕ್ರೋಸೆಕೆಂಡ್ ಕಾದು, ಆಮೇಲೆ ಕಳಿಸುತ್ತದೆ. ತಲುಪಿತು ಎಂಬ ಉತ್ತರ ಬರದಿದ್ದರೆ ಇನ್ನಷ್ಟು ಹೊತ್ತು ಕಾದು ಮತ್ತೆ ಕಳಿಸುತ್ತದೆ. ಕಳಿಸುವುದು, ಪಡೆಯುವುದು ಎರಡೂ ಒಂದೇ ಚಾನೆಲ್‌ನಲ್ಲಿ, ಸರದಿಯ ಮೇಲೆ. ಪಕ್ಕದ ಮನೆಯವರು ಅದೇ ಚಾನೆಲ್‌ನಲ್ಲಿದ್ದರೆ ಅವರ ಕೊಡಗಳೂ ಇದೇ ಸಾಲಿನಲ್ಲಿ ನಿಲ್ಲುತ್ತವೆ. ಪಾಸ್‌ವರ್ಡ್ ಬೇರೆ ಇದ್ದರೂ ಗಾಳಿ ಒಂದೇ.

ಸಾಲಿನಲ್ಲಿ ಕಿರಿದಾದ ಬಾಯಿಯ ಕೊಡ ಬಂತೆಂದರೆ ಎಲ್ಲರ ಕೆಲಸವೂ ನಿಧಾನ. ದೂರದ ಕೋಣೆಯಲ್ಲಿ 6 ಎಂಬಿಪಿಎಸ್ ಲಿಂಕ್‌ಗೆ ಇಳಿದ ಫೋನ್ ಒಂದು ಫೋಟೋ ಕಳಿಸಲು ತೆಗೆದುಕೊಳ್ಳುವ ಗಾಳಿಯ ಹೊತ್ತು, 600ರ ಲಿಂಕ್ ಇರುವ ಫೋನಿಗಿಂತ ಹೆಚ್ಚುಕಡಿಮೆ ನೂರು ಪಟ್ಟು. ಅಷ್ಟು ಹೊತ್ತೂ ರೂಟರಿನ ಪಕ್ಕದಲ್ಲೇ ಕೂತ ವೇಗದ ಲ್ಯಾಪ್‌ಟಾಪ್ ಸುಮ್ಮನೆ ಕಾಯುತ್ತದೆ. ವೈಫೈ 6ರಲ್ಲಿ ಬಂದಿರುವ, ಎಎಕ್ಸ್23ಯಲ್ಲೂ ಇರುವ ಓಎಫ್‌ಡಿಎಂಎ ಈ ಸಾಲನ್ನು ಸ್ವಲ್ಪ ಸುಧಾರಿಸುತ್ತದೆ: ಒಂದೇ ಸರದಿಯಲ್ಲಿ ಹಲವರ ಸಣ್ಣ ಚೊಂಬುಗಳನ್ನು ತುಂಬಿಸುತ್ತದೆ. ಆದರೆ ಆ ಸಾಧನಗಳೂ ವೈಫೈ 6 ಆಗಿರಬೇಕು. ಮನೆಯಲ್ಲಿ ಅಂಥದ್ದು ಒಂದೇ ಇದ್ದರೆ ಈ ಸವಲತ್ತಿಗೆ ಕೆಲಸವಿಲ್ಲ. ಕೇಬಲ್ ಎಂದರೆ ಮನೆಯೊಳಗೇ ಬಂದ ಸ್ವಂತ ನಲ್ಲಿ. ಹೋಗಲು ಬರಲು ಬೇರೆ ಬೇರೆ ದಾರಿ, ಪಾಲುದಾರರಿಲ್ಲ. ವೇಗಕ್ಕಿಂತ ಮುಖ್ಯವಾದ ವ್ಯತ್ಯಾಸ ಕಾಣುವುದು ವಿಡಿಯೋ ಕಾಲ್ ಮತ್ತು ಆಟಗಳಲ್ಲಿ. ಕೇಬಲ್‌ನಲ್ಲಿ ರೂಟರಿಗೆ ಪಿಂಗ್ (ಸಂದೇಶ ಹೋಗಿ ಉತ್ತರ ಬರುವ ಹೊತ್ತು) 1 ಮಿಲಿಸೆಕೆಂಡಿನೊಳಗೆ ಅಲುಗಾಡದೆ ನಿಲ್ಲುತ್ತದೆ. ವೈಫೈಯಲ್ಲಿ 2, 3 ಎನ್ನುತ್ತಲೇ ಇದ್ದದ್ದು ಒಮ್ಮೆಲೇ 40, 60ಕ್ಕೆ ಜಿಗಿಯುತ್ತದೆ. ಮಾತು ತುಂಡಾಗುವುದು ಆ ಜಿಗಿತದಿಂದ, ಪ್ಲಾನ್ ಸಾಲದೆ ಅಲ್ಲ.

ಆಮೇಲೆ ಗೋಡೆ. 5 ಗಿಗಾಹರ್ಟ್ಸ್ ಅಲೆಯ ಉದ್ದ ಆರು ಸೆಂಟಿಮೀಟರ್ ಆಸುಪಾಸು, 2.4ರದ್ದು ಹನ್ನೆರಡೂವರೆ. ತೆರೆದ ಬಯಲಿನಲ್ಲೇ ಅಷ್ಟೇ ದೂರಕ್ಕೆ 5ರ ಸಿಗ್ನಲ್ ಏಳು ಡೆಸಿಬೆಲ್‌ನಷ್ಟು ಕಡಿಮೆ ಸಿಗುತ್ತದೆ. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧವಾಗುತ್ತದೆ. ಅದರ ಮೇಲೆ ನಮ್ಮ ಮನೆಗಳ ಗೋಡೆ: ಕರಾವಳಿಯ ಜಂಬಿಟ್ಟಿಗೆ, ಹಳೆಯ ಮನೆಗಳ ಸೈಜುಗಲ್ಲು, ಒಂಬತ್ತಿಂಚಿನ ಇಟ್ಟಿಗೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ. ಮರದ ಚೌಕಟ್ಟಿನ ತೆಳುಗೋಡೆಯ ಮನೆಗಳನ್ನು ನೋಡಿ ಬರೆದ ವಿದೇಶಿ ವಿಮರ್ಶೆಗಳ ವ್ಯಾಪ್ತಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಎಕ್ಸ್23ಯ 5 ಗಿಗಾಹರ್ಟ್ಸ್ ಒಂದು ಇಟ್ಟಿಗೆ ಗೋಡೆಯಾಚೆಗೆ ಚೆನ್ನಾಗಿ ದುಡಿಯುತ್ತದೆ, ಎರಡಾದರೆ ಸೊರಗುತ್ತದೆ, ತಾರಸಿ ದಾಟಿ ಮಹಡಿ ಮೇಲಿನ ಮೂಲೆಯ ಕೋಣೆಗೆ ಅದನ್ನು ನಂಬಬಾರದು. ಸಿಗ್ನಲ್‌ನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ಅಳೆಯಲು ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಸಾಕು: ಮೈನಸ್ 50 ಡಿಬಿಎಂ ಎಂದರೆ ಬಹಳ ಚೆನ್ನ, ಮೈನಸ್ 67ರವರೆಗೆ ವಿಡಿಯೋ ಕಾಲ್ ನಡೆಯುತ್ತದೆ, ಮೈನಸ್ 75 ದಾಟಿದರೆ ಯಾವ ಸೆಟ್ಟಿಂಗೂ ಕಾಪಾಡದು.

ಇಡುವ ಜಾಗ ಅದಕ್ಕೇ ಮುಖ್ಯ. ಟಿವಿ ಶೋಕೇಸಿನ ಹಿಂದೆ, ಗೋಡ್ರೇಜ್ ಬೀರುವಿನ ಮೇಲೆ, ಮೀಟರ್ ಬೋರ್ಡಿನ ಕಬ್ಬಿಣದ ಡಬ್ಬಿಯೊಳಗೆ, ಫ್ರಿಜ್ ಅಥವಾ ಮೀನಿನ ತೊಟ್ಟಿಯ ಪಕ್ಕ ಬೇಡ. ಲೋಹ ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಹಜಾರದ ನಡುವೆ, ಐದಾರು ಅಡಿ ಎತ್ತರದಲ್ಲಿ, ತೆರೆದಿಡಿ. ಆಂಟೆನಾದ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಸುತ್ತ ಹರಡುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ಒಂದೇ ಅಂತಸ್ತಾದರೆ ನಾಲ್ಕೂ ನೆಟ್ಟಗಿರಲಿ. ಮೇಲಂತಸ್ತಿಗೂ ಬೇಕಾದರೆ ಒಂದೆರಡನ್ನು ಅಡ್ಡ ಮಲಗಿಸಿ.

ಈಗ ಈ ರೂಟರಿನ ಪೋರ್ಟ್‌ಗಳ ವಿಷಯ. ಇಂಟರ್ನೆಟ್ ಒಳಗೆ ಬರುವ ವ್ಯಾನ್ ಒಂದು, ಮನೆಯ ಸಾಧನಗಳಿಗೆ ಲ್ಯಾನ್ ನಾಲ್ಕು, ಐದೂ ಗಿಗಾಬಿಟ್. ಅದೇ ಕಂಪನಿಯ ಆರ್ಚರ್ ಸಿ50 ಜೊತೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಸಿ50ಯ ಡಬ್ಬದ ಮೇಲೆ ಎಸಿ1200 ಎಂದಿದೆ, 5 ಗಿಗಾಹರ್ಟ್ಸ್‌ನಲ್ಲಿ 867ರ ಲಿಂಕ್ ಕೊಡುತ್ತದೆ. ಆದರೆ ಅದರ ಎಲ್ಲ ಪೋರ್ಟ್‌ಗಳೂ 10/100, ಅಂದರೆ ಹೆಚ್ಚೆಂದರೆ 100 ಎಂಬಿಪಿಎಸ್‌ನವು. ಇಂಟರ್ನೆಟ್ ಒಳಗೆ ಬರುವ ಬಾಗಿಲೇ 94ರಷ್ಟು ಅಗಲವಾದ ಮೇಲೆ ವೈಫೈ ಎಷ್ಟಿದ್ದರೇನು? 100 ಎಂಬಿಪಿಎಸ್‌ವರೆಗಿನ ಪ್ಲಾನಿಗೆ ಸಿ50 ಸಾಕು, ಅದಕ್ಕಿಂತ ಮೇಲಿನ ಪ್ಲಾನಿಗೆ ಹಣ ವ್ಯರ್ಥ. 200, 300, 500ರ ಪ್ಲಾನ್ ಇರುವವರಿಗೆ ಎಎಕ್ಸ್23 ಸರಿಯಾದ ಆಯ್ಕೆ. ಆದರೆ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯನ್ನೂ ತಿರುಗಿಸಿ ನೋಡಿ. ಹಲವು ಓಎನ್‌ಟಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ತಪ್ಪು ತೂತಿಗೆ ಚುಚ್ಚಿದ ಕೇಬಲ್ ಒಂದರಿಂದ ಇಡೀ ಮನೆಯ ವೇಗ 94ಕ್ಕೆ ನಿಲ್ಲುತ್ತದೆ.

ಜೋಡಣೆಯ ಕ್ರಮ ಹೀಗೆ. ಓಎನ್‌ಟಿಯೇ ರೂಟರಿನ ಕೆಲಸ ಮಾಡುತ್ತಿದ್ದರೆ, ಎಎಕ್ಸ್23 ಅನ್ನು ಆಕ್ಸೆಸ್ ಪಾಯಿಂಟ್ (ರೂಟರಿನ ಕೆಲಸ ಬಿಟ್ಟು ವೈಫೈ ಮಾತ್ರ ಹಂಚುವ ಸಾಧನ) ಮಾಡಿಕೊಳ್ಳುವುದು ಲೇಸು. ಎರಡು ರೂಟರ್ ಒಂದರ ಹಿಂದೊಂದು ವಿಳಾಸ ಬದಲಿಸುತ್ತ ಕೂತರೆ ಆಟಗಳಲ್ಲೂ ಸಿಸಿ ಕ್ಯಾಮೆರಾಗಳಲ್ಲೂ ತೊಡಕು. ಮೊದಲು ಕಂಪ್ಯೂಟರನ್ನು ಎಎಕ್ಸ್23ಗೆ ಸೇರಿಸಿ, ಬ್ರೌಸರಿನಲ್ಲಿ 192.168.0.1 ತೆರೆದು ಪಾಸ್‌ವರ್ಡ್ ಇಡಿ. ಅಡ್ವಾನ್ಸ್ಡ್, ಸಿಸ್ಟಮ್, ಆಪರೇಷನ್ ಮೋಡ್‌ಗೆ ಹೋಗಿ ಆಕ್ಸೆಸ್ ಪಾಯಿಂಟ್ ಆರಿಸಿ ಸೇವ್ ಮಾಡಿ. ಅದು ಮತ್ತೆ ಶುರುವಾದ ಮೇಲೆ ಓಎನ್‌ಟಿಯ ಗಿಗಾಬಿಟ್ ಪೋರ್ಟ್‌ನಿಂದ ಇದರ ವ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿ. ಕೊನೆಯದಾಗಿ ಓಎನ್‌ಟಿಯ ಸ್ವಂತ ವೈಫೈಯನ್ನು ಆಫ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು. ಒಂದಡಿ ದೂರದಲ್ಲಿ ಎರಡು ವೈಫೈ ಒಂದೇ ಗಾಳಿಗೆ ಕಿತ್ತಾಡಿದರೆ ಹೊಸ ರೂಟರಿನ ಅರ್ಧ ಲಾಭ ಹೋಯಿತು. ಲ್ಯಾಂಡ್‌ಲೈನ್ ಫೋನ್ ಓಎನ್‌ಟಿಗೆ ಸೇರಿದ್ದರೆ ಅದು ಅಲ್ಲೇ ಇರಲಿ.

ವೈಫೈ ಸೆಟ್ಟಿಂಗ್‌ಗಳಲ್ಲಿ, ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಡುವ ಸ್ಮಾರ್ಟ್ ಕನೆಕ್ಟ್ ಅನ್ನು ಆಫ್ ಮಾಡಿ, ಎರಡು ಬ್ಯಾಂಡಿಗೆ ಎರಡು ಹೆಸರಿಡಿ. 2.4ಕ್ಕೆ 20 ಮೆಗಾಹರ್ಟ್ಸ್, 1, 6, 11ರಲ್ಲಿ ಖಾಲಿ ಇರುವುದು. 5ಕ್ಕೆ 80 ಮೆಗಾಹರ್ಟ್ಸ್, ಚಾನೆಲ್ 36 ಅಥವಾ 149. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ 605 ಮೆಗಾಹರ್ಟ್ಸ್ ಪರವಾನಗಿಯಿಂದ ಮುಕ್ತವಾದ ಮೇಲೆ ಅಲ್ಲಿ ಕೈಕಾಲು ಚಾಚಲು ಜಾಗ ಬೇಕಾದಷ್ಟಿದೆ. ಭದ್ರತೆಗೆ ಡಬ್ಲ್ಯುಪಿಎ2 ಎಇಎಸ್ ಅಥವಾ ಡಬ್ಲ್ಯುಪಿಎ3. ಹಳೆಯ ಭದ್ರತಾ ವಿಧಾನವಾದ ಟಿಕೆಐಪಿ ಇಟ್ಟರೆ ಲಿಂಕ್ 54ಕ್ಕೆ ಬಿದ್ದುಹೋಗುತ್ತದೆ. ಹಳೆಯ ಇಂಟೆಲ್ ವೈಫೈ ಕಾರ್ಡಿನ ಲ್ಯಾಪ್‌ಟಾಪಿಗೆ ಹೊಸ ರೂಟರಿನ ಹೆಸರೇ ಕಾಣದಿದ್ದರೆ ಗಾಬರಿ ಬೇಡ, ವೈಫೈ 6ರ ಸಂಕೇತ ಅದರ ಹಳೆಯ ಡ್ರೈವರ್‌ಗೆ ಅರ್ಥವಾಗುವುದಿಲ್ಲ. ಡ್ರೈವರ್ ಹೊಸದು ಹಾಕಿದರೆ ಸರಿಹೋಗುತ್ತದೆ. 2.4ರಲ್ಲಿ ಮಾತ್ರ ತಡವರಿಸುವ ಲ್ಯಾಪ್‌ಟಾಪಿನ ಪಕ್ಕ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದೆಯೇ ನೋಡಿ. ಅದರ ಕೇಬಲ್ ಹೊರಸೂಸುವ ಗದ್ದಲ ಆ ಬ್ಯಾಂಡಿನ ಮೇಲೇ ಬೀಳುತ್ತದೆ.

ಕೊರತೆಗಳಿಲ್ಲವೆಂದಲ್ಲ. 160 ಮೆಗಾಹರ್ಟ್ಸ್ ಚಾನೆಲ್ ಇಲ್ಲ, ಹಾಗಾಗಿ 2400ರ ಲಿಂಕ್ ಬಲ್ಲ ಲ್ಯಾಪ್‌ಟಾಪ್ ಇಲ್ಲಿ 1201ಕ್ಕೇ ನಿಲ್ಲುತ್ತದೆ. ಯುಎಸ್‌ಬಿ ಪೋರ್ಟ್ ಇಲ್ಲ. 2.5 ಗಿಗಾಬಿಟ್ ಪೋರ್ಟ್ ಇಲ್ಲ. 1 ಜಿಬಿಪಿಎಸ್ ಪ್ಲಾನ್ ಇರುವವರು ವೈಫೈಯಲ್ಲೂ ಅದರ ಹತ್ತಿರ ಹೋಗಬೇಕೆಂದರೆ ಇದು ಅವರ ರೂಟರ್ ಅಲ್ಲ. ಎರಡಂತಸ್ತಿನ ಮನೆಯನ್ನು ಒಂದೇ ಎಎಕ್ಸ್23 ತುಂಬಲಾರದು. ಅಲ್ಲಿ ಅಗ್ಗದ ರಿಪೀಟರ್ ತಂದು ಗೋಡೆಗೆ ಚುಚ್ಚುವುದು ತಪ್ಪು ದಾರಿ: ಒಂದೇ ಚಾನೆಲ್‌ನಲ್ಲಿ ಕೇಳಿ, ಅದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧವಾಗುತ್ತದೆ. ಮೇಲಕ್ಕೆ ಒಂದು ಕೇಬಲ್ ಎಳೆದು, ಅದರ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡುವುದಕ್ಕೆ ಸಮನಾದ ಉಪಾಯ ಬೇರೆ ಇಲ್ಲ.

ಅಲ್ಲಾಡದೆ ಒಂದೇ ಕಡೆ ಇರುವ ವಸ್ತುಗಳಿಗೆ ಕೇಬಲ್ ಕೊಡಿ: ಕಂಪ್ಯೂಟರ್, ಆಟದ ಕನ್ಸೋಲ್, ಕ್ಯಾಮೆರಾಗಳ ದೃಶ್ಯ ದಾಖಲಿಸುವ ಎನ್‌ವಿಆರ್ ಪೆಟ್ಟಿಗೆ. ಅವು ಸಾಲು ಬಿಟ್ಟಷ್ಟೂ ಫೋನುಗಳಿಗೆ ಗಾಳಿ ಬಿಡುವಾಗುತ್ತದೆ. ಟಿವಿಯ ಲೆಕ್ಕ ಮಾತ್ರ ತಿರುಗುಮುರುಗು. ಬಹಳಷ್ಟು ಸ್ಮಾರ್ಟ್ ಟಿವಿಗಳ ಈಥರ್ನೆಟ್ ಪೋರ್ಟ್ ಇನ್ನೂ 100ರದ್ದೇ. ರೂಟರ್ ಅದೇ ಹಜಾರದಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈಯೇ ಸ್ಪೀಡ್ ಟೆಸ್ಟಿನಲ್ಲಿ ಕೇಬಲನ್ನು ಮೀರಿಸುತ್ತದೆ. ಹಾಗಿದ್ದರೂ ಟಿವಿಗೆ ಕೇಬಲ್ಲೇ ಮೇಲು. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, 94 ಅದಕ್ಕೆ ಧಾರಾಳ.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಹೊಸ ಮನೆಯ ಗೋಡೆಯೊಳಗೆ ಹಾಕುವುದಾದರೆ ಕ್ಯಾಟ್ 6 ಹಾಕಿಬಿಡಿ. ಅಪ್ಪಟ ತಾಮ್ರವೆಂದು ಬರೆದಿರಲಿ. ಸಿಸಿಎ ಎಂದಿದ್ದರೆ ಒಳಗೆ ಅಲ್ಯೂಮಿನಿಯಂ, ಬಾಗಿದರೆ ಮುರಿಯುತ್ತದೆ. ಕರೆಂಟಿನ ವೈರ್ ಹೋಗುವ ಪೈಪಿನಲ್ಲೇ ಇದನ್ನು ತುರುಕಬೇಡಿ, ಬೇರೆ ಪೈಪ್ ಬೇಕು. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ನೀಲಿಯದೋ ಕಂದಿನದೋ ಒಂದೇ ಒಂದು ಎಳೆ ಕೂರದಿದ್ದರೂ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೇಬಲ್ ಎಳೆದವರಿಗೆ ಹಣ ಕೊಡುವ ಮುನ್ನ ವಿಂಡೋಸ್ ಲ್ಯಾಪ್‌ಟಾಪ್ ಚುಚ್ಚಿ, ನೆಟ್‌ವರ್ಕ್ ಸೆಟ್ಟಿಂಗ್‌ನ ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ನೋಡಿ. ಅಲ್ಲಿ 1000/1000 ಎಂದಿರಬೇಕು. 100/100 ಎಂದಿದ್ದರೆ ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ.