ಹನ್ನೆರಡು ಸಂಪುಟಗಳ ‘ಫ್ರೂಟ್ಸ್ ಬ್ಯಾಸ್ಕೆಟ್’ ಮತ್ತು ಶಿಗುರೆ ಎಂಬ ಸಭ್ಯಸ್ಥ

‘ಫ್ರೂಟ್ಸ್ ಬ್ಯಾಸ್ಕೆಟ್’ ಎಂಬ ಜಪಾನಿ ಮಾಂಗಾದಲ್ಲಿ, ಅಂದರೆ ಚಿತ್ರಕಥೆಯಲ್ಲಿ, ಸೋಮಾ ಮನೆತನದ ಯಜಮಾನಿಕೆ ಹಿಡಿದಿರುವ ಅಕಿತೋ ಎಂಬ ಪಾತ್ರದ ಬಗ್ಗೆ ಕನ್ನಡದಲ್ಲಿ ಒಂದೇ ಒಂದು ವಾಕ್ಯ ಬರೆಯಹೊರಟರೂ ಕ್ರಿಯಾಪದದ ತುದಿಯಲ್ಲಿ ಕಥೆಯ ಅತಿ ದೊಡ್ಡ ಗುಟ್ಟು ರಟ್ಟಾಗಿಬಿಡುತ್ತದೆ. ‘ಬಂದನು’ ಎಂದು ಬರೆದರೆ ಸುಳ್ಳಾಗುತ್ತದೆ, ‘ಬಂದಳು’ ಎಂದು ಬರೆದರೆ ಲೇಖಕಿ ವರ್ಷಗಟ್ಟಲೆ ಕಾಪಾಡಿಕೊಂಡ ಸಂಗತಿಯನ್ನು ನಾವು ಅರೆಗಳಿಗೆಯಲ್ಲಿ ಬಯಲಿಗೆ ಹಾಕಿದಂತಾಗುತ್ತದೆ. ಜಪಾನಿ ಭಾಷೆಯ ಕ್ರಿಯಾಪದಕ್ಕೆ ಲಿಂಗಭೇದವಿಲ್ಲದ ಕಾರಣ ಅಲ್ಲಿ ಈ ಇಕ್ಕಟ್ಟು ಇಲ್ಲ. ಕನ್ನಡಕ್ಕೆ ಅನುವಾದಿಸುವವರು ‘ಬಂದರು’, ‘ಹೇಳಿದರು’ ಎಂಬ ಮರ್ಯಾದೆಯ ಬಹುವಚನದ ಮರೆಯಲ್ಲಿ ಅಷ್ಟೂ ಪುಟಗಳನ್ನು ದಾಟಬೇಕಾಗುತ್ತದೆ, ಮನೆಯ ಯಜಮಾನರ ವಿಷಯದಲ್ಲಿ ಅದು ಒಪ್ಪಲೂಬಹುದು. ಈ ವಿಮರ್ಶೆ ಮಾತ್ರ ಅಂಥ ಮರೆಯನ್ನು ಇಟ್ಟುಕೊಂಡಿಲ್ಲ. ಕಥೆಯ ತಿರುವುಗಳನ್ನು ತಾವೇ ಓದಿ ತಿಳಿಯಬೇಕೆನ್ನುವವರು ಇಲ್ಲಿಗೇ ನಿಲ್ಲಿಸಿ, ಪುಸ್ತಕ ಮುಗಿಸಿದ ಮೇಲೆ ಇತ್ತ ಬರುವುದು ಒಳ್ಳೆಯದು.

ನತ್ಸುಕಿ ತಕಾಯಾ ಅವರ ‘ಫ್ರೂಟ್ಸ್ ಬ್ಯಾಸ್ಕೆಟ್’ 1998ರಿಂದ 2006ರವರೆಗೆ ಹಕುಸೆನ್ಷಾ ಸಂಸ್ಥೆಯ ‘ಹನಾ ತೊ ಯುಮೆ’ ಎಂಬ ಶೋಜೋ (ಹದಿಹರೆಯದ ಹುಡುಗಿಯರ) ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಜಪಾನಿನಲ್ಲಿ 23 ಸಂಪುಟಗಳಾಗಿ ಪ್ರಕಟವಾಯಿತು. 2001ರಲ್ಲಿ ಅದಕ್ಕೆ ಶೋಜೋ ವಿಭಾಗದ ಕೊಡಾನ್ಷಾ ಮಾಂಗಾ ಪ್ರಶಸ್ತಿ ದೊರೆಯಿತು. ನಾನು ಓದಿದ್ದು ಇಂಗ್ಲಿಷಿನ ಸಂಗ್ರಾಹಕರ ಆವೃತ್ತಿಯನ್ನು. ಇದರಲ್ಲಿ ಮೂಲದ ಹೆಚ್ಚುಕಡಿಮೆ ಎರಡೆರಡು ಸಂಪುಟಗಳನ್ನು ಒಟ್ಟಿಗೆ ಹೊಲಿದು ಒಟ್ಟು 12 ಪುಸ್ತಕಗಳನ್ನಾಗಿ ಮಾಡಲಾಗಿದೆ. ಅನಿಮೆ (ಟಿವಿಯ ಆನಿಮೇಷನ್ ಸರಣಿ) ನೋಡಿದವರಿಗೆ ಕಥೆ ಪರಿಚಿತವೇ. 2001ರ 26 ಕಂತುಗಳ ಸರಣಿ ಮಾಂಗಾ ಮುಗಿಯುವ ಮೊದಲೇ ಬಂದದ್ದರಿಂದ ಅಲ್ಲಿ ಕಥೆ ಅರ್ಧಕ್ಕೇ ನಿಲ್ಲುತ್ತದೆ, 2019ರಿಂದ 2021ರವರೆಗೆ ಬಂದ 63 ಕಂತುಗಳ ಸರಣಿ ಅದನ್ನು ಕೊನೆಯವರೆಗೆ ಕೊಂಡೊಯ್ಯುತ್ತದೆ.

ಹೊರನೋಟಕ್ಕೆ ಇದು ತಮಾಷೆಯ ಕಥೆ. ತಾಯಿಯನ್ನು ಕಾರು ಅಪಘಾತದಲ್ಲಿ ಕಳೆದುಕೊಂಡು ಗುಡಾರವೊಂದರಲ್ಲಿ ದಿನ ತಳ್ಳುತ್ತಿರುವ ಹೈಸ್ಕೂಲು ವಿದ್ಯಾರ್ಥಿನಿ ತೋಹ್ರು, ಆ ಗುಡಾರ ಹಾಕಿದ ಜಾಗ ಸೋಮಾ ಮನೆತನದ್ದಾಗಿರುವ ಕಾರಣದಿಂದ, ಅಲ್ಲೇ ಹತ್ತಿರವಿರುವ ಕಾದಂಬರಿಕಾರ ಶಿಗುರೆಯ ಮನೆಯಲ್ಲಿ ಮನೆಗೆಲಸ ಮಾಡಿಕೊಂಡು ಉಳಿಯುತ್ತಾಳೆ. ಆ ಮನೆತನದ ಹದಿಮೂರು ಮಂದಿಗೆ ಶಾಪವಿದೆ. ಶಾಪವಿಲ್ಲದ ಅನ್ಯಲಿಂಗದವರು ಅಪ್ಪಿಕೊಂಡರೆ ಅವರು ಜಪಾನಿನ ರಾಶಿಚಕ್ರದ ಹನ್ನೆರಡು ಪ್ರಾಣಿಗಳಾಗಿಯೂ, ಒಬ್ಬ ಮಾತ್ರ ಆ ಚಕ್ರದಿಂದ ಹೊರಗುಳಿದ ಬೆಕ್ಕಾಗಿಯೂ ಬದಲಾಗುತ್ತಾರೆ. ದೇವರು ಕರೆದ ಔತಣದ ದಿನವನ್ನು ಇಲಿ ತಪ್ಪಾಗಿ ಹೇಳಿದ್ದರಿಂದ ಬೆಕ್ಕು ಪಂಕ್ತಿಗೆ ತಪ್ಪಿಸಿಕೊಂಡಿತು ಎಂಬ ಜನಪದ ಕಥೆ ಇಲ್ಲಿ ಒಂದು ಮನೆಯ ಕಟ್ಟಳೆಯೇ ಆಗಿಬಿಟ್ಟಿದೆ, ಆ ದೇವರ ಸ್ಥಾನ ಅಕಿತೋದು. ಬೆಕ್ಕಿನ ಶಾಪ ಹೊತ್ತ ಕ್ಯೋ ಎಂಬ ಹುಡುಗನನ್ನು ಹೈಸ್ಕೂಲು ಮುಗಿದ ಮೇಲೆ ಜೀವನಪೂರ್ತಿ ಒಂದು ಕೋಣೆಯಲ್ಲಿ ಕೂಡಿಹಾಕಲಾಗುವುದೆಂದು ಮನೆಯ ಹಿರಿಯರೆಲ್ಲರಿಗೂ ಗೊತ್ತು, ಯಾರೂ ಅದನ್ನು ಅನ್ಯಾಯವೆಂದು ಕರೆಯುವುದಿಲ್ಲ. ತುಂಬಿದ ಮನೆಗಳಲ್ಲಿ ‘ಅದು ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿದೆ’ ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆಂಬುದನ್ನು ಬಲ್ಲವರಿಗೆ ಈ ಭಾಗವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಓದಿನ ದಿಕ್ಕನ್ನು ಬದಲಿಸಿದ್ದು ಒಂದು ಸಣ್ಣ ಎಡವಟ್ಟು. ಏಳು ಸಂಪುಟಗಳನ್ನು ಮುಗಿಸಿ ಎಂಟನೆಯದಕ್ಕೆ ದುಡ್ಡು ಕಟ್ಟಿ ಕುಳಿತಿದ್ದಾಗ ಮಾರಾಟಗಾರರು ಒಂಬತ್ತನೆಯದನ್ನು ಕಳುಹಿಸಿದರು. ನಾನು ಸಂಪುಟದ ಸಂಖ್ಯೆಯನ್ನು ನೋಡದೆ, ಕಾಗದದ ವಾಸನೆಗೆ ಮರುಳಾಗಿ ಅಲ್ಲಲ್ಲಿ ತೆರೆದು ನೋಡುತ್ತಿದ್ದಾಗ ಅಕಿತೋ ಹೆಣ್ಣು ಎಂಬುದು ಕಣ್ಣಿಗೆ ಬಿತ್ತು. ಅದಲು ಬದಲು ಮಾಡಿಕೊಳ್ಳಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ಬೇರೇನೂ ಮಾಡಲಾಗದೆ ಮೊದಲ ಸಂಪುಟದಿಂದ ಮತ್ತೆ ಓದತೊಡಗಿದೆ. ಗುಟ್ಟು ಗೊತ್ತಿದ್ದು ಓದಿದಾಗ ಅಕಿತೋಳಿಗಿಂತ ಹೆಚ್ಚಾಗಿ ಬದಲಾದವನು ಶಿಗುರೆ.

ಈ ಮಾಂಗಾವನ್ನು ಮೆಚ್ಚಿದವರು ಒಂದೆಡೆ ಸೇರಿದರೆ ಮಾತು ಬೇಗನೆ ಅಕಿತೋಳ ಕಡೆಗೆ ತಿರುಗುತ್ತದೆ, ಅಲ್ಲೇ ನಿಲ್ಲುತ್ತದೆ. ಅವಳು ಮಾಡಿದ್ದರ ಪಟ್ಟಿ ಚಿಕ್ಕದಲ್ಲ. ಮದುವೆಗೆ ಒಪ್ಪಿಗೆ ಕೇಳಲು ಬಂದ ವೈದ್ಯ ಹತೋರಿಯ ಎಡಗಣ್ಣಿನ ದೃಷ್ಟಿ ಹೋಗುವಂತೆ ಮಾಡಿದವಳು ಅವಳು. ಅದೆಲ್ಲ ನಿನ್ನಿಂದಲೇ ಆದದ್ದೆಂದು ಅವನ ಪ್ರಿಯತಮೆ ಕಾನಾಳ ಮೇಲೆ ಹೊರಿಸಿ ಅವಳ ಮನಸ್ಸನ್ನು ಮುರಿದವಳೂ ಅವಳೇ. ಕೊನೆಗೆ ಹತೋರಿಯೇ ತನ್ನ ಕೈಯಾರೆ ಕಾನಾಳ ನೆನಪಿನಿಂದ ತಮ್ಮಿಬ್ಬರ ಪ್ರೀತಿಯನ್ನು ಅಳಿಸಬೇಕಾಗುತ್ತದೆ. ಇಲಿಯ ಶಾಪ ಹೊತ್ತ ಪುಟ್ಟ ಯುಕಿಯನ್ನು ಕತ್ತಲ ಕೋಣೆಯಲ್ಲಿ ಕೂರಿಸಿ, ನಿನ್ನನ್ನು ಯಾರೂ ಬಯಸುವುದಿಲ್ಲವೆಂದು ನಂಬಿಸಿದ್ದು, ಕುದುರೆಯ ಶಾಪ ಹೊತ್ತ ರಿನ್‌ಳನ್ನು ಮಹಡಿಯ ಕಿಟಕಿಯಿಂದ ನೂಕಿದ್ದು, ಮುಂದೆ ಅದೇ ಹುಡುಗಿಯನ್ನು ಬೆಕ್ಕಿಗೆಂದೇ ಇರುವ ಕೋಣೆಗೆ ತಳ್ಳಿ ಅವಳ ಉದ್ದ ಕೂದಲನ್ನು ಕತ್ತರಿಸಿದ್ದು ಎಲ್ಲವೂ ಇವೆ.

ಇಷ್ಟರ ಮೇಲೆ ತಕಾಯಾ ಅವಳ ಬಾಲ್ಯವನ್ನು ತೆರೆದಿಡುತ್ತಾರೆ. ಹುಟ್ಟುವ ಮಗುವನ್ನು ಗಂಡಾಗಿಯೇ ಬೆಳೆಸಬೇಕೆಂದು ಹಟ ಹಿಡಿದ ತಾಯಿ ರೆನ್, ಎಲ್ಲರಿಂದ ಪ್ರೀತಿಸಲ್ಪಡುವುದಕ್ಕಾಗಿಯೇ ನೀನು ಹುಟ್ಟಿದ್ದೀಯೆ ಎಂದು ಹೇಳಿ ಬೇಗನೆ ತೀರಿಕೊಂಡ ತಂದೆ ಅಕಿರಾ, ಇವರಿಬ್ಬರ ನಡುವೆ ಬೆಳೆದ ಮಗುವಿಗೆ ಶಾಪವೊಂದೇ ನೆಂಟಸ್ತಿಕೆಯಾಗಿ ಉಳಿಯುತ್ತದೆ. ತಂದೆಯ ಆತ್ಮವಿದೆಯೆಂದು ನಂಬಿ ಅವಳು ಜೋಪಾನ ಮಾಡುವ ಪೆಟ್ಟಿಗೆಯ ಪ್ರಸಂಗವನ್ನು ಈ ಪುಸ್ತಕದ ಅತ್ಯುತ್ತಮ ಭಾಗಗಳಲ್ಲಿ ಒಂದೆಂದು ನಾನು ತಿಳಿಯುತ್ತೇನೆ. ಆ ಪೆಟ್ಟಿಗೆಗಾಗಿ ರೆನ್ ಹಾತೊರೆಯುತ್ತಾಳೆ, ಅದನ್ನು ಕದಿಯಹೋಗಿ ರಿನ್ ಸಿಕ್ಕಿಬೀಳುತ್ತಾಳೆ. ತೆರೆದರೆ ಒಳಗೆ ಏನೂ ಇಲ್ಲ, ಅದು ಬರಿದಾದ ಪೆಟ್ಟಿಗೆ. ಅದು ಬರಿದೆಂಬುದು ಅಕಿತೋಳಿಗೂ ಗೊತ್ತೇ ಇತ್ತು.

ನಮ್ಮ ಓದುಗರ ಪುಟ್ಟ ಬಳಗದಲ್ಲಿ ಇದರ ಬಗ್ಗೆ ಒಮ್ಮತ ಮೂಡಿದ್ದೇ ಇಲ್ಲ. ಬಾಲ್ಯದ ಗಾಯವನ್ನು ತೋರಿಸಿದ ಮಾತ್ರಕ್ಕೆ ಹತೋರಿಯ ಕಣ್ಣು ಹಿಂತಿರುಗುವುದಿಲ್ಲವೆಂದು ಒಬ್ಬರು ವಾದಿಸಿದರೆ, ಒಂದು ಮಗುವನ್ನು ದೇವರೆಂದು ಕೂರಿಸಿ ಕೈಮುಗಿದ ಇಡೀ ಮನೆತನವನ್ನು ಬಿಟ್ಟು ಆ ಮಗುವನ್ನೊಂದೇ ದಂಡಿಸುವುದು ಯಾವ ನ್ಯಾಯ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಮಾತಿಗೂ ಪುಸ್ತಕದಲ್ಲಿ ಜಾಗವಿದೆ, ಆದರೆ ಅದನ್ನು ತೂಗಿನೋಡಬೇಕಾದದ್ದು ತೋಹ್ರು ತೋರುವ ಕರುಣೆಯಲ್ಲಲ್ಲ, ರಿನ್‌ಳ ನಿಲುವಿನಲ್ಲಿ. ಎಲ್ಲರೂ ಒಂದೊಂದಾಗಿ ಅಕಿತೋಳೊಂದಿಗೆ ರಾಜಿಯಾಗುತ್ತ ಬಂದರೂ ತಾನು ಕ್ಷಮಿಸಲಾರೆನೆಂಬ ನಿಲುವನ್ನು ರಿನ್ ಬಿಡುವುದಿಲ್ಲ, ಅದಕ್ಕಾಗಿ ಕಥೆ ಅವಳನ್ನು ಕಲ್ಲು ಮನಸ್ಸಿನವಳೆಂದು ಕಾಣುವುದೂ ಇಲ್ಲ. ಒಬ್ಬರ ನೋವನ್ನು ಅರ್ಥಮಾಡಿಕೊಳ್ಳುವುದೂ ಅವರನ್ನು ಕ್ಷಮಿಸುವುದೂ ಬೇರೆ ಬೇರೆ ಎಂಬುದನ್ನು ತಕಾಯಾ ಯಾರ ಬಾಯಿಂದಲೂ ಉಪದೇಶ ಮಾಡಿಸದೆ, ಒಬ್ಬ ಹುಡುಗಿಯ ಬಿಗಿದ ಮುಖದಲ್ಲಿ ಉಳಿಸಿಬಿಡುತ್ತಾರೆ.

ಈಗ ಶಿಗುರೆಯ ವಿಷಯ. ಮೊದಲ ಓದಿನಲ್ಲಿ ಅವನು ಕಿಮೋನೋ ತೊಟ್ಟು ಅಡ್ಡಾಡುವ, ಸಂಪಾದಕಿಯನ್ನು ಬರಹದ ಗಡುವಿನ ವಿಷಯದಲ್ಲಿ ಅಳುವವರೆಗೆ ಸತಾಯಿಸುವ, ಯುಕಿಯೂ ಕ್ಯೋನೂ ಹೊಡೆದಾಡಿ ಮನೆಯ ಬಾಗಿಲು ಮುರಿದಾಗಲೆಲ್ಲ ಗೋಳಾಡುವ ಸರಸ ಮನುಷ್ಯ. ನನಗಂತೂ ಆ ಮನೆಯಲ್ಲಿ ಅತ್ಯಂತ ನೆಮ್ಮದಿ ಕೊಟ್ಟ ಪಾತ್ರವೇ ಅವನು. ಎರಡನೆಯ ಓದಿನಲ್ಲಿ ಅದೇ ನಗು ಬೇರೆಯಾಗಿ ಕಾಣುತ್ತದೆ. ಅವನಿಗೆ ಅಕಿತೋ ಬೇಕು, ದೇವರಾಗಿ ಅಲ್ಲ, ಹೆಣ್ಣಾಗಿ. ಶಾಪ ಹರಿಯದೆ ಅದು ಕೈಗೂಡದು, ಶಾಪ ಹರಿಯಬೇಕಾದರೆ ಹೊರಗಿನಿಂದ ಒಬ್ಬರು ಒಳಗೆ ಬರಬೇಕು. ಗುಡಾರದಿಂದ ಎದ್ದು ಬಂದ ನಿರ್ಗತಿಕ ಹುಡುಗಿಗೆ ಅವನು ಕೊಟ್ಟ ಕೋಣೆ ಆ ಲೆಕ್ಕಾಚಾರದ ಮೊದಲ ಕಂತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ಅವನ ರೀತಿ. ಯಾರ ಮೇಲೂ ಕೈ ಎತ್ತದೆ, ಯಾರಿಗೂ ಏರುದನಿಯಲ್ಲಿ ಮಾತಾಡದೆ, ತಳ್ಳಬೇಕಾದವರನ್ನು ತಳ್ಳಬೇಕಾದ ಕಡೆಗೆ ಒಂದು ಬೆರಳಿನಿಂದ ತಳ್ಳಿ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ.

ಅಕಿತೋ ಹುಂಜದ ಶಾಪ ಹೊತ್ತಿದ್ದ ಕುರೆನೋನೊಂದಿಗೆ ಮಲಗಿದಳೆಂಬ ಸಿಟ್ಟಿಗೆ ಶಿಗುರೆ ಹೋಗಿ ಅವಳ ತಾಯಿ ರೆನ್‌ಳೊಂದಿಗೆ ಮಲಗುತ್ತಾನೆ, ಅದರ ಫಲವಾಗಿಯೇ ದೊಡ್ಡ ಮನೆಯಿಂದ ಹೊರದೂಡಲ್ಪಡುತ್ತಾನೆ. ಅಂದರೆ ನಾವು ಮೊದಲ ಪುಟದಿಂದ ಪ್ರೀತಿಸಿದ ಆ ಕಾಡಂಚಿನ ಪುಟ್ಟ ಮನೆ, ತೋಹ್ರು ಅಡುಗೆ ಮಾಡುವ, ಎಲ್ಲರೂ ನಗುವ ಆ ಮನೆಯಲ್ಲಿ ಶಿಗುರೆ ಬೀಡುಬಿಟ್ಟಿರುವುದೇ ಈ ಸೇಡಿನ ದೆಸೆಯಿಂದ. ಇದನ್ನು ತಿಳಿದ ಮೇಲೆ ಮೊದಲ ಸಂಪುಟದ ಊಟದ ದೃಶ್ಯಗಳನ್ನು ಮತ್ತೆ ಓದಿ ನೋಡಿ. ಶಾಪ ಬಿಡಿಸುವ ದಾರಿ ಕೇಳಿಕೊಂಡು ರಿನ್ ಅವನಲ್ಲಿಗೆ ಬಂದಾಗ ಅವನು ನಡೆದುಕೊಳ್ಳುವ ರೀತಿಯಲ್ಲಿ ಅಕಿತೋಳ ಕ್ರೌರ್ಯಕ್ಕಿಂತ ತಣ್ಣಗಿನ ಏನೋ ಇದೆ. ಅಕಿತೋ ನೋಯಿಸುವಾಗ ತಾನೂ ಕಿರುಚುತ್ತಾಳೆ, ಇವನ ಉಸಿರು ಸಹ ಏರುವುದಿಲ್ಲ.

ಇವನಿಗೆ ಕಥೆಯಲ್ಲಿ ಶಿಕ್ಷೆಯಿಲ್ಲ. ಕಡೆಯಲ್ಲಿ ಅವನು ಅಕಿತೋಳಿಗೆ ಹೆಣ್ಣುಮಕ್ಕಳು ಉಡುವ ಕಿಮೋನೋ ಒಂದನ್ನು ತಂದುಕೊಡುತ್ತಾನೆ, ಅದನ್ನು ಉಟ್ಟು ಅವಳು ಮೊದಲ ಬಾರಿಗೆ ಮನೆತನದವರೆಲ್ಲರ ಎದುರು ಬಂದು ನಿಲ್ಲುತ್ತಾಳೆ. ತುಂಬ ಚೆಲುವಾಗಿ ಬರೆದ ಪುಟ ಅದು. ಬಹಳ ಮಂದಿ ಅದನ್ನು ಪ್ರೇಮದ ಗೆಲುವೆಂದು ಓದುತ್ತಾರೆ, ನನಗೆ ಪ್ರತಿ ಬಾರಿಯೂ ಹೊಟ್ಟೆಯೊಳಗೆ ಏನೋ ತಿರುಚಿದಂತಾಗುತ್ತದೆ. ತಾಯಿಯ ಹಟಕ್ಕೆ ಗಂಡುಡುಗೆ ತೊಟ್ಟವಳು ಈಗ ಪ್ರಿಯಕರ ಕೊಟ್ಟ ಉಡುಗೆ ತೊಟ್ಟಿದ್ದಾಳೆ. ತಕಾಯಾ ಇದನ್ನು ಗೊತ್ತಿದ್ದೇ ಹಾಗೆ ಇಟ್ಟರೋ, ಇಲ್ಲ ತಮ್ಮ ಪಾತ್ರದ ಮೋಡಿಗೆ ತಾವೇ ಒಳಗಾದರೋ ಎಂಬುದನ್ನು ಎರಡು ಓದುಗಳ ನಂತರವೂ ನಾನು ನಿರ್ಧರಿಸಲಾರೆ. ಎರಡನೆಯದೇ ಇರಬಹುದೆಂದು ವಾಲುತ್ತೇನೆ, ಮತ್ತು ಇದನ್ನು ಪುಸ್ತಕದ ಕೊರತೆಯೆಂದೇ ಎಣಿಸುತ್ತೇನೆ.

ಕುರೆನೋ ಮತ್ತು ಮೊಮಿಜಿ ಇವರ ಜೋಡಿ ಪ್ರಸಂಗಗಳು ಇದಕ್ಕಿಂತ ಹೆಚ್ಚು ಹದವಾಗಿವೆ. ಶಾಪ ಇಬ್ಬರಿಗೂ ಎಲ್ಲರಿಗಿಂತ ಮೊದಲೇ ಹರಿಯುತ್ತದೆ, ಇಬ್ಬರನ್ನೂ ಅಕಿತೋ ಬಿಟ್ಟುಹೋಗಬೇಡವೆಂದು ಅಂಗಲಾಚುತ್ತಾಳೆ. ಕುರೆನೋ ಕನಿಕರದಿಂದ ಉಳಿಯುತ್ತಾನೆ. ಆ ಕನಿಕರವೇ ವರ್ಷಗಳ ಕಾಲ ಅವಳನ್ನು ಇದ್ದಲ್ಲೇ ಕೊಳೆಯಿಸುತ್ತದೆ, ಕೊನೆಗೆ ಅವನ ಬೆನ್ನಿಗೆ ಚಾಕುವಾಗಿ ಬೀಳುತ್ತದೆ. ಮೊಲದ ಶಾಪ ಹೊತ್ತಿದ್ದ, ಹೆತ್ತ ತಾಯಿಯ ನೆನಪಿನಿಂದಲೇ ಅಳಿಸಿಹೋದ ಮೊಮಿಜಿಯಾದರೋ ಅಳುತ್ತಿರುವ ಅವಳನ್ನು ಬಿಟ್ಟು ಎದ್ದುಹೋಗುತ್ತಾನೆ. ಒಳ್ಳೆಯತನ ಯಾವುದು ಎಂಬ ಪ್ರಶ್ನೆಗೆ ಈ ಎರಡು ದೃಶ್ಯಗಳಷ್ಟು ನಿಷ್ಠುರವಾಗಿ ಎದುರು ನಿಂತ ಶೋಜೋ ಮಾಂಗಾವನ್ನು ನಾನು ಇನ್ನೂ ಓದಿಲ್ಲ.

ತೋಹ್ರುವನ್ನು ಬರಿಯ ಮುಗ್ಧೆಯೆಂದು ತಳ್ಳಿಹಾಕುವವರಿಗೂ ಒಂದು ಮಾತು ಹೇಳಬೇಕು. ಅವಳದು ಎಲ್ಲರೊಂದಿಗೂ ಅತಿಯಾದ ವಿನಯದ ಮಾತು. ಇಂಗ್ಲಿಷಿನಲ್ಲಿ ಅದು ಸುಮ್ಮನೆ ತಡವರಿಸುವ ಹುಡುಗಿಯ ಮಾತಿನಂತೆ ಕೇಳುತ್ತದೆ, ‘ತಾವು’, ‘ದಯಮಾಡಿ’ ಎಂಬ ಪದಗಳಿರುವ ಕನ್ನಡದಲ್ಲಿ ಅದರ ತೂಕ ಸರಿಯಾಗಿ ಕೂರಬಹುದಿತ್ತು. ಆ ವಿನಯದ ಮೂಲ ಬಹಳ ತಡವಾಗಿ ಗೊತ್ತಾಗುತ್ತದೆ. ಗಂಡ ತೀರಿಕೊಂಡ ದುಃಖದಲ್ಲಿ ತಾಯಿ ತನ್ನನ್ನು ಬಿಟ್ಟು ಹೋಗಿಬಿಡಬಹುದೆಂಬ ಭಯಕ್ಕೆ ಆ ಮಗು ಸತ್ತ ತಂದೆಯ ಮಾತಿನ ಧಾಟಿಯನ್ನು ಅನುಕರಿಸತೊಡಗಿತ್ತು. ತಾಯಿಯನ್ನು ಸೆಳೆದೊಯ್ಯಲು ಬಂದ ಕೆಟ್ಟವನೆಂದು ತಂದೆಯನ್ನೇ ಮನಸ್ಸಿನಲ್ಲಿ ದೂರುತ್ತಲೂ ಇತ್ತು. ಎಲ್ಲರ ಬಾಯಲ್ಲಿ ದೇವತೆಯಾದ ಹುಡುಗಿಯ ದಾಕ್ಷಿಣ್ಯದ ಅಡಿಯಲ್ಲಿ ಇಂಥದೊಂದು ಸಣ್ಣ ಕಳ್ಳತನವಿದೆ.

ಆವೃತ್ತಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಪುಸ್ತಕಗಳು ಜಪಾನಿ ಕ್ರಮದಲ್ಲಿಯೇ ಬಲದಿಂದ ಎಡಕ್ಕೆ ಓದಿಸಿಕೊಳ್ಳುತ್ತವೆ, ಹೊಸಬರಿಗೆ ಮೊದಲ ಇಪ್ಪತ್ತು ಪುಟಗಳಷ್ಟೇ ತೊಡಕು. ಎರಡು ಸಂಪುಟ ಸೇರಿದ್ದರಿಂದ ಪ್ರತಿಯೊಂದೂ ದಪ್ಪವಾಗಿದ್ದು, ನನ್ನ ಪ್ರತಿಗಳಲ್ಲಿ ನಡುವಿನ ಮಡಿಕೆಗೆ ಸೇರಿದ ಮಾತಿನ ಗುಳ್ಳೆಗಳನ್ನು ಓದಲು ಬೆನ್ನನ್ನು ಅಗಲಿಸಿ ಹಿಡಿಯಬೇಕಾಯಿತು. ಆರಂಭದ ಸಂಪುಟಗಳಲ್ಲಿ ದುಂಡು ಮುಖ, ದೊಡ್ಡ ಕಣ್ಣುಗಳ ಅಲಂಕಾರ ಜಾಸ್ತಿ. ಮುಂದೆ ಗೆರೆಗಳು ನೀಳವಾಗಿ, ಹಿನ್ನೆಲೆ ಬರಿದಾಗಿ, ಮುಖವೊಂದೇ ಪುಟವನ್ನು ಹೊರುತ್ತದೆ, ನನಗೆ ಈ ಎರಡನೆಯ ರೀತಿಯೇ ಹೆಚ್ಚು ಇಷ್ಟ. ಕ್ಯೋನನ್ನು ಪ್ರೀತಿಸುವ ಕಾಗುರಾ ಎಂಬ ಹುಡುಗಿ ಅವನನ್ನು ಹಿಗ್ಗಾಮುಗ್ಗಾ ಬಡಿಯುವುದನ್ನು ನಗೆಯಾಗಿ ತೋರಿಸುವ ಪುಟಗಳು ಇಂದು ಓದಲು ಮುಜುಗರ ತರುತ್ತವೆ. ಕಡೆಯ ಸಂಪುಟದಲ್ಲಿ ಎಲ್ಲರಿಗೂ ಒಬ್ಬೊಬ್ಬ ಜೊತೆಗಾರರನ್ನು ಹುಡುಕಿಕೊಡುವ ಅವಸರ ಸಾಮೂಹಿಕ ವಿವಾಹದ ಚಪ್ಪರವನ್ನು ನೆನಪಿಸುತ್ತದೆ.

ಹನ್ನೆರಡನ್ನೂ ಒಟ್ಟಿಗೆ ಕೊಳ್ಳುವುದು ದುಬಾರಿ ಬಾಬತ್ತು, ಅದರ ಅಗತ್ಯವೂ ಇಲ್ಲ. ಮೊದಲ ಮೂರನ್ನು ಮಾತ್ರ ತರಿಸಿಕೊಳ್ಳಿ, ಬಂದ ಪೊಟ್ಟಣದ ಮೇಲಿನ ಸಂಖ್ಯೆಯನ್ನು ತಪ್ಪದೆ ನೋಡಿಕೊಳ್ಳಿ. ಮೂರನೆಯದರ ಕೊನೆಯ ಭಾಗದಲ್ಲಿ ಕ್ಯೋನ ವಿಕಾರ ರೂಪವನ್ನು ಅಡಗಿಸಿಟ್ಟಿದ್ದ ಕೈಯ ಮಣಿಸರವನ್ನು ಕಳಚಲಾಗುತ್ತದೆ, ತೋಹ್ರು ವಾಂತಿ ಬರಿಸುವಂಥ ಆ ರೂಪವನ್ನು ನೋಡಿ ಹೆದರುತ್ತಾಳೆ, ಹೆದರಿಕೆಯನ್ನು ಮುಚ್ಚಿಡದೆಯೇ ಮಳೆಯಲ್ಲಿ ಅವನ ಹಿಂದೆ ಓಡುತ್ತಾಳೆ. ಅದನ್ನು ಓದಿದ ಮೇಲೂ ಮನಸ್ಸು ಕದಲದಿದ್ದರೆ ಉಳಿದ ಒಂಬತ್ತಕ್ಕೆ ದುಡ್ಡು ಹಾಕಬೇಡಿ.